ರೈಲಿಲ್ಲದ ಸ್ಟೇಷನ್ನು

ಕಲ್ಲಿನ ಶಾಸನ ಒಡೆಯಬಹುದು, ತಾಮ್ರಪಟ ಕರಗಿ ಪಾತ್ರೆಯಾಗಬಹುದು. ಜನರ ನಾಲಗೆಯ ಮೇಲೆ ನಿಂತ ಊರ ಹೆಸರು ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಕೇರಳದ ಮುನ್ನಾರಿನಿಂದ ಸುಮಾರು 32 ಕಿಲೋಮೀಟರ್ ದೂರದಲ್ಲಿ, ತಮಿಳುನಾಡಿನ ಗಡಿಯ ಮೇಲೆ, ‘ಟಾಪ್ ಸ್ಟೇಷನ್’ ಎಂಬ ಸ್ಥಳವಿದೆ. ರಜೆಯಲ್ಲಿ ಮುನ್ನಾರಿಗೆ ಹೋದವರು ಅಲ್ಲಿಗೂ ಒಮ್ಮೆ ಹೋಗಿ, ಕೆಳಗಿನ ಕಣಿವೆಯಲ್ಲಿ ಮಂಜು ಸರಿಯುವ ಚೆಲುವನ್ನು ನೋಡಿ ಬರುತ್ತಾರೆ. ಸ್ಟೇಷನ್ನೆಂಬ ಹೆಸರೇನೋ ಉಂಟು, ಹಳಿಯಿಲ್ಲ, ಗಾಡಿಯಿಲ್ಲ. ಬೆಟ್ಟದ ಬುಡದ ಕೊಟ್ಟಗುಡಿಗೆ ‘ಬಾಟಮ್ ಸ್ಟೇಷನ್’ ಎಂಬ ಇನ್ನೊಂದು ಹೆಸರೂ ಇದೆ. ಈ ಎರಡು ಹೆಸರುಗಳ ಬೆನ್ನು ಹತ್ತಿ ಹೊರಟರೆ, ನೂರು ವರ್ಷಗಳ ಹಿಂದೆ ಕೊಚ್ಚಿಹೋದ ಪುಟ್ಟ ರೈಲು ದಾರಿಯೊಂದರ ಕಥೆ ಸಿಕ್ಕುತ್ತದೆ.

ತಮಿಳು, ಮಲೆಯಾಳಗಳಲ್ಲಿ ‘ಆರು’ ಎಂದರೆ ಹೊಳೆ. ಮುದಿರಪುಳ, ನಲ್ಲತಣ್ಣಿ, ಕುಂಡಳ ಎಂಬ ಮೂರು ಹೊಳೆಗಳು ಕೂಡುವ ಜಾಗವೇ ಮುನ್ನಾರ್. 1877ರಲ್ಲಿ ಜಾನ್ ಡೇನಿಯಲ್ ಮನ್ರೋ ಎಂಬ ಇಂಗ್ಲಿಷ್ ಅಧಿಕಾರಿ ಪೂಂಜಾರಿನ ಅರಸರಿಂದ ಕಣ್ಣನ್ ದೇವನ್ ಬೆಟ್ಟಗಳನ್ನು ಗುತ್ತಿಗೆಗೆ ಪಡೆದ. 1880ರ ಹೊತ್ತಿಗೆ ಅಲ್ಲಿ ಚಹದ ಗಿಡ ಬೇರೂರಿತು. 1897ರಲ್ಲಿ ಕಣ್ಣನ್ ದೇವನ್ ಹಿಲ್ಸ್ ಪ್ರೊಡ್ಯೂಸ್ ಕಂಪನಿ ಹುಟ್ಟಿತು. ಗಿಡ ಬೆಳೆಸುವುದೇನೋ ಸಾಧ್ಯವಾಯಿತು. ಆದರೆ ಬೆಳೆದ ಚಹ ಲಂಡನ್ನಿನ ಪೇಟೆ ಸೇರಬೇಕಾದರೆ ಮೊದಲು ಬೆಟ್ಟವಿಳಿಯಬೇಕಲ್ಲವೇ? ಇಳಿಯಲು ಆರಿಸಿಕೊಂಡದ್ದು ಪೂರ್ವದ ದಾರಿ. ಅಂದರೆ ತಮಿಳು ಬಯಲಿನ ಬೋಡಿನಾಯಕನೂರಿನ ಕಡೆಗೆ.

1902ರಲ್ಲಿ ಮುನ್ನಾರಿನಿಂದ ಟಾಪ್ ಸ್ಟೇಷನ್ನಿನವರೆಗೆ ಗಾಡಿರಸ್ತೆ ಕಡಿದು, ಅದರ ಮಗ್ಗುಲಲ್ಲಿ ವಿಚಿತ್ರವಾದ ರೈಲೊಂದನ್ನು ಹಾಕಿದರು. ಅದಕ್ಕೆ ಇದ್ದದ್ದು ಒಂದೇ ಹಳಿ! ಯೂಯಿಂಗ್ ಎಂಬುವನ ಹೆಸರಿನ ಈ ಪದ್ಧತಿಯಲ್ಲಿ ಬಂಡಿಯ ಚಿಕ್ಕ ಗಾಲಿ ಹಳಿಯ ಮೇಲೆ ಉರುಳುತ್ತಿತ್ತು; ಬಂಡಿ ಮಗುಚದಂತೆ ತೂಕ ಕಾಯಲು ಪಕ್ಕದಲ್ಲೊಂದು ದೊಡ್ಡ ಗಾಲಿ ರಸ್ತೆಯ ಮೇಲೆಯೇ ಓಡುತ್ತಿತ್ತು. ಎಳೆಯುತ್ತಿದ್ದವು ಎತ್ತುಗಳು. ಪಟಿಯಾಲ ಸಂಸ್ಥಾನದಲ್ಲಿ 1907ರಿಂದ 1927ರವರೆಗೆ ಇದೇ ಪದ್ಧತಿಯ ರೈಲು ಓಡಿತು. ಅದರ ಒಂದು ಉಗಿಯಂತ್ರ ದಿಲ್ಲಿಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಕುತೂಹಲವುಳ್ಳವರು ಅದನ್ನು ನೋಡಿ, ಮುನ್ನಾರಿನ ಮೊದಲ ರೈಲು ಹೇಗಿದ್ದೀತೆಂದು ಊಹಿಸಿಕೊಳ್ಳಬಹುದು.

ಎತ್ತಿನ ನಡಿಗೆ ಬೆಳೆಯುತ್ತಿದ್ದ ವ್ಯಾಪಾರಕ್ಕೆ ಸಾಲದಾಯಿತು. 1908ರಲ್ಲಿ ಒಂಟಿಹಳಿಯ ಬದಲಿಗೆ ಎರಡು ಅಡಿ ಅಗಲದ ಕಿರುರೈಲು ಬಂತು. ಡಾರ್ಜಿಲಿಂಗಿನ ರೈಲಿನ ಅಗಲವೂ ಅಷ್ಟೇ. ಇದರ ಹೆಸರು ಕುಂಡಳ ಕಣಿವೆ ರೈಲ್ವೆ. ಚಹದ ಪೆಟ್ಟಿಗೆ ಈ ರೈಲಿನಲ್ಲಿ ಟಾಪ್ ಸ್ಟೇಷನ್ನಿಗೆ ಬರುವುದು. ಅಲ್ಲಿಂದ ತೂಗುಹಗ್ಗದ ದಾರಿಯಲ್ಲಿ, ಆಕಾಶದಲ್ಲಿಯೇ ಸುಮಾರು 5 ಕಿಲೋಮೀಟರ್ ಜಾರಿ ಕೊಟ್ಟಗುಡಿಗೆ ಇಳಿಯುವುದು. ಅಲ್ಲಿಂದ ಗಾಡಿಯಲ್ಲಿ 15 ಕಿಲೋಮೀಟರ್ ದೂರದ ಬೋಡಿಗೆ. ಆಮೇಲೆ ಬಯಲುಸೀಮೆಯ ರೈಲು, ಬಂದರು, ಹಡಗು. ಇಂಗ್ಲೆಂಡಿನ ಮನೆಯೊಂದರ ಬಟ್ಟಲಿಗೆ ಚಹ ಬೀಳುವ ಮುನ್ನ ಇಷ್ಟು ಕೈಗಳನ್ನು ದಾಟಬೇಕಾಗಿತ್ತು.

ಹದಿನಾರು ವರ್ಷ ಹೀಗೆ ನಡೆಯಿತು. 1924ರ ಜುಲೈ ಬಂತು. ಆ ತಿಂಗಳ ಮಳೆಯನ್ನು ದಕ್ಷಿಣದ ಯಾವ ಸೀಮೆಯೂ ಮರೆತಿಲ್ಲ. ಕಾವೇರಿಯೂ ಆಗ ಹಿಂದೆಂದೂ ಕಾಣದಷ್ಟು ಉಕ್ಕಿ ಹರಿದಳು. ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ ಇನ್ನೂ ನಡೆಯುತ್ತಿದ್ದ ಕಾಲವದು. ಮಲೆಯಾಳ ಶಕೆಯಲ್ಲಿ ಅದು 1099ನೆಯ ವರ್ಷವಾದ್ದರಿಂದ ಕೇರಳದವರು ಅದನ್ನು ಇಂದಿಗೂ ‘ತೊಂಬತ್ತೊಂಬತ್ತರ ಪ್ರವಾಹ’ ಎನ್ನುತ್ತಾರೆ. ಗುಡ್ಡ ಕುಸಿದು, ಬುಡಮೇಲಾದ ಮರಗಳು ಮಾಟ್ಟುಪೆಟ್ಟಿಯ ಬಳಿ ಹೊಳೆಗೆ ಅಡ್ಡ ಬಿದ್ದು, ತಾನಾಗಿ ಒಂದು ಒಡ್ಡು ಕಟ್ಟಿಕೊಂಡಿತಂತೆ. ಆ ಒಡ್ಡು ಒಡೆದಾಗ ಮುನ್ನಾರ್ ಪೇಟೆಯೇ ನೀರುಪಾಲಾಯಿತೆಂದು ಅಲ್ಲಿಯ ಜನ ಹೇಳುತ್ತಾರೆ. ಹಳಿ ಹೋಯಿತು, ಸೇತುವೆಗಳು ಹೋದವು. ಆಲುವದಿಂದ ಬೆಟ್ಟ ಹತ್ತುತ್ತಿದ್ದ ಹಳೆಯ ರಸ್ತೆಯೂ ಹೋಯಿತು.

ರೈಲನ್ನು ಮತ್ತೆ ಕಟ್ಟಲಿಲ್ಲ. ಇಲ್ಲಿ ಚರಿತ್ರೆಯ ಸಣ್ಣದೊಂದು ಅಣಕವನ್ನು ಕಾಣಬಹುದು. ಬೋಡಿನಾಯಕನೂರಿಗೆ ಮಧುರೆಯಿಂದ ರೈಲು ಬಂದದ್ದು 1928ರಲ್ಲಿ. ಬೆಟ್ಟದ ಮೇಲೆ ರೈಲಿದ್ದಾಗ ಬುಡದಲ್ಲಿ ಇರಲಿಲ್ಲ. ಬುಡಕ್ಕೆ ಬರುವಾಗ ಮೇಲಿನದು ಕೊಚ್ಚಿಹೋಗಿ ನಾಲ್ಕು ವರ್ಷವಾಗಿತ್ತು. ಅಷ್ಟರಲ್ಲಿ ಮೋಟಾರಿನ ಕಾಲವೂ ಕಾಲಿಟ್ಟಿತ್ತು. 1935ರಲ್ಲಿ ನೇರ್ಯಮಂಗಲದ ಬಳಿ ಪೆರಿಯಾರಿಗೆ ಸೇತುವೆಯಾದ ಮೇಲೆ, ಪಶ್ಚಿಮಕ್ಕೆ ಇಳಿದು ಕೊಚ್ಚಿಯನ್ನು ಸೇರುವ ದಾರಿ ಗಟ್ಟಿಯಾಯಿತು. ಪೂರ್ವಕ್ಕೆ ಮುಖ ಮಾಡಿದ್ದ ಬೆಟ್ಟ ಪಶ್ಚಿಮಕ್ಕೆ ಹೊರಳಿತು.

ಈಗ ಉಳಿದಿರುವುದೇನು? ಮುನ್ನಾರಿನ ಹಳೆಯ ರೈಲು ನಿಲ್ದಾಣದ ಕಟ್ಟಡ ನಿಂತಿದೆ. ಅದು ಚಹ ಕಂಪನಿಯ ಕಚೇರಿಯಾಯಿತು. ಅದರ ಮುಂದಿನ ಹಳಿಯ ಜಾಗ ರಸ್ತೆಯಾಯಿತು. ಹತ್ತಿರದ ‘ಅಲ್ಯೂಮಿನಿಯಂ ಸೇತುವೆ’ ಒಂದು ಕಾಲಕ್ಕೆ ರೈಲಿನದು. ಆಮೇಲೆ ರಸ್ತೆಯ ಪಾಲಿಗೆ ಬಂತು. ಕುಂಡಳ ಕಣಿವೆಯಲ್ಲಿ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಕಟ್ಟಿದ ಎರಡು ಅಣೆಕಟ್ಟುಗಳಿವೆ. ದೋಣಿವಿಹಾರಕ್ಕೆ ಬಂದವರಿಗೆ ರೈಲಿನ ನೆನಪಾಗಲು ಕಾರಣವಿಲ್ಲ. ಟಾಪ್ ಸ್ಟೇಷನ್ನಿನಲ್ಲಿ ತೂಗುಹಗ್ಗದ ನಿಲ್ದಾಣದ ಪಾಳು ಉಂಟು. ನಲ್ಲತಣ್ಣಿ ತೋಟದಲ್ಲಿ 2004ರಲ್ಲಿ ತೆರೆದ ಚಹ ವಸ್ತುಸಂಗ್ರಹಾಲಯದಲ್ಲಿ ಆ ರೈಲು ಯಂತ್ರದ ಒಂದು ಚಕ್ರವನ್ನು ಇಟ್ಟಿದ್ದಾರೆ.

ಇಷ್ಟನ್ನು ನೋಡಿ ಹಿಂತಿರುಗಿದರೆ ಚರಿತ್ರೆ ಅರ್ಧವೇ ಸಿಕ್ಕಿದಂತೆ. ಚಹ ಇಳಿಯುತ್ತಿದ್ದ ಇದೇ ಬೋಡಿಯ ಇಳಿಜಾರನ್ನು ತಮಿಳು ಸೀಮೆಯ ಬಡಜನ ಕಾಲ್ನಡಿಗೆಯಲ್ಲಿ ಹತ್ತಿ ಬಂದರು. ಚಹದ ಪೆಟ್ಟಿಗೆ ಹಗ್ಗದ ಮೇಲೆ ತೇಲಿ ಹೋಯಿತು. ಅದರ ಎಲೆ ಕಿತ್ತವರಿಗೆ ಕಲ್ಲುಮುಳ್ಳಿನ ಕಾಲುದಾರಿ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳನ್ನು ಕಂಡವರಿಗೆ ‘ಲೈನ್ ಮನೆ’ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುನ್ನಾರಿನಲ್ಲಿ ಅದೇ ಸಾಲುಮನೆಗೆ ‘ಲಯಂ’ ಎನ್ನುತ್ತಾರೆ. ರೈಲಿನ ಲೈನು 1924ರಲ್ಲಿ ಹೋಯಿತು. ಈ ಲೈನು ಹೋಗಲಿಲ್ಲ. 2020ರ ಆಗಸ್ಟ್ 6ರ ರಾತ್ರಿ, ಮುನ್ನಾರಿನ ಬಳಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಜಾರಿ ಸಾಲುಮನೆಗಳ ಮೇಲೆ ಬಿತ್ತು. 70 ಜೀವಗಳು ಹೋದವು. ತೋಟದ ಕಾರ್ಮಿಕರು, ಅವರ ಮಕ್ಕಳುಮರಿ. ಕೆಲವರ ದೇಹವೂ ದೊರೆಯಲಿಲ್ಲ.

ಕಬ್ಬಿಣದ ಚಕ್ರವನ್ನು ಕಾಪಾಡಿ ಇಟ್ಟದ್ದು ಒಳ್ಳೆಯ ಕೆಲಸವೇ. ಆದರೆ ಅಳಿದ ರೈಲಿನ ಜಾಡನ್ನು ಹುಡುಕುವವರು ಹಳಿಯಿದ್ದ ಜಾಗವನ್ನಷ್ಟೇ ನೋಡಿದರೆ ಸಾಲದು. ಆ ಬೆಟ್ಟವನ್ನು ನಡೆದು ಹತ್ತಿದವರ ಮಕ್ಕಳು, ಮೊಮ್ಮಕ್ಕಳು ಎಂಥ ಗುಡ್ಡದ ಕೆಳಗೆ ಮಲಗುತ್ತಾರೆಂಬುದನ್ನೂ ನೋಡಬೇಕು.