ಜಿರೇನಿಯಂ: ಕೇಪ್‌ನಿಂದ ಘಟಪ್ರಭಾ ಬಯಲಿಗೆ

ಜಿರೇನಿಯಂ ಜಿರೇನಿಯೇಸೀ ಕುಟುಂಬದ ಅಲಂಕಾರ ಹಾಗೂ ಸುಗಂಧ ಸಸ್ಯ. ತೋಟಗಾರರು ಈ ಹೆಸರಿನಿಂದ ಕರೆಯುವ ಕುಂಡದ ಗಿಡ ಸಸ್ಯಶಾಸ್ತ್ರದ ಪ್ರಕಾರ ಪೆಲಾರ್ಗೋನಿಯಂ ಜಾತಿಯದು. ಅದರ ಸುಮಾರು 280 ಪ್ರಭೇದಗಳಲ್ಲಿ ಹೆಚ್ಚಿನವುಗಳ ತವರು ದಕ್ಷಿಣ ಆಫ್ರಿಕ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಪೆಲಾರ್ಗೋನಿಯಂ ಹಾಗೂ ನಿಜವಾದ ಜಿರೇನಿಯಂ ಎಂಬ ಎರಡೂ ಗುಂಪುಗಳನ್ನು ಜಿರೇನಿಯಂ ಎಂದೇ ಕರೆದಿದ್ದ. 1789ರಲ್ಲಿ ಸಸ್ಯವಿಜ್ಞಾನಿ ಲೆರಿಟಿಯೆ ಅವನ್ನು ಬೇರ್ಪಡಿಸಿದ ಮೇಲೂ ಹಳೆಯ ಹೆಸರೇ ರೂಢಿಯಲ್ಲಿ ಉಳಿಯಿತು.

ದಕ್ಷಿಣ ಆಫ್ರಿಕದ ಕೇಪ್ ಬಂದರಿನಲ್ಲಿ ತಂಗುತ್ತಿದ್ದ ಡಚ್ ಹಡಗುಗಳ ಮೂಲಕ ಈ ಗಿಡಗಳು 17ನೆಯ ಶತಮಾನದಲ್ಲಿ ಯೂರೋಪ್ ಸೇರಿದವು. 1631ರಲ್ಲಿ ತೋಟಗಾರ ಜಾನ್ ಟ್ರೇಡೆಸ್ಕಂಟ್ ಪ್ಯಾರಿಸ್ಸಿನಿಂದ ಒಂದು ಪ್ರಭೇದವನ್ನು ಇಂಗ್ಲೆಂಡಿಗೆ ತಂದ. ಕಲ್ಲುಗುಡ್ಡದ ಒಣ ಇಳಿಜಾರಿನಲ್ಲಿ ಬೆಳೆದ ಸಸ್ಯವಾದ್ದರಿಂದ ಅದರ ದಪ್ಪ ಕಾಂಡ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಲವು ದಿನ ನೀರಿಲ್ಲದಿದ್ದರೂ ಗಿಡ ತಾಳುತ್ತದೆ, ಬುಡದಲ್ಲಿ ನೀರು ನಿಂತರೆ ತಾಳುವುದಿಲ್ಲ. ಕರ್ನಾಟಕದಲ್ಲಿ ಜಿರೇನಿಯಂ ಬೆಳೆಸುವವರೆಲ್ಲ ಮೊದಲು ತಿಳಿಯಬೇಕಾದುದು ಇದನ್ನೇ.

ರಾಜ್ಯದಲ್ಲಿ ವಿದೇಶಿ ಹೂಗಿಡಗಳ ರುಚಿ ಬೆಳೆಸಿದ್ದು ಬೆಂಗಳೂರಿನ ಲಾಲ್‌ಬಾಗ್. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಅದನ್ನು ಮೇಲ್ವಿಚಾರಕರಾದ ಕ್ಯಾಮರೂನ್, ಕ್ರುಂಬಿಗಲ್, ಜವರಾಯರು ಒಬ್ಬರಾದ ಮೇಲೊಬ್ಬರು ಬೆಳೆಸಿದರು. ಗಾಜಿನಮನೆಯ ಫಲಪುಷ್ಪ ಪ್ರದರ್ಶನಗಳು ಕುಂಡದ ಗಿಡಗಳನ್ನು ಮಧ್ಯಮವರ್ಗದ ಅಂಗಳಕ್ಕೂ ತಲುಪಿಸಿದವು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತಂಪು ಜಿರೇನಿಯಂಗೂ ಒಗ್ಗಿತು.

ಸುಗಂಧ ಜಿರೇನಿಯಂನ ಕತೆ ಬೇರೆ. ಅದರ ಎಲೆಯನ್ನು ಬೆರಳಲ್ಲಿ ಹೊಸಕಿದರೆ ಗುಲಾಬಿಯ ಪರಿಮಳ ಬರುತ್ತದೆ. ಗುಲಾಬಿ ಎಣ್ಣೆಯಲ್ಲಿರುವ ಜಿರೇನಿಯಾಲ್, ಸಿಟ್ರೊನೆಲ್ಲೋಲ್‌ಗಳೇ ಇದರಲ್ಲೂ ಇವೆ. ಭಾರತದಲ್ಲಿ ಇದರ ಬೇಸಾಯ ಮೊದಲು ನೆಲೆಯೂರಿದ್ದು ಯೇರ್ಕಾಡು, ನೀಲಗಿರಿಯಂಥ ಬೆಟ್ಟಗಳಲ್ಲಿ. ಬಯಲುಸೀಮೆಯ ರೈತರಿಗೆ ದೊಡ್ಡ ತೊಡಕಾಗಿದ್ದು ಮಳೆಗಾಲ: ಕೊಯ್ಲು ಮುಗಿದ ಮೇಲೆ ತಾಯಿಗಿಡಗಳು ಕೊಳೆತುಹೋಗುತ್ತಿದ್ದವು. ಲಖನೌದ ಔಷಧೀಯ ಹಾಗೂ ಸುಗಂಧ ಸಸ್ಯ ಸಂಶೋಧನಾ ಸಂಸ್ಥೆ ಸೀಮ್ಯಾಪ್ ಅಗ್ಗದ ಪ್ಲಾಸ್ಟಿಕ್ ಹೊದಿಕೆಯಡಿ ಅವನ್ನು ಕಾಪಾಡುವ ಕ್ರಮ ರೂಪಿಸಿದ್ದು ಇದಕ್ಕಾಗಿಯೇ.

ಬಯಲುಸೀಮೆಯಲ್ಲೇ ಇರುವ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗಕ್ಕೆ ಹೂವು ಹೊಸದಲ್ಲ. ಹುಕ್ಕೇರಿಯ ಗುಲಾಬಿ ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರಕ್ಕೆ ಹೋಗುತ್ತಿತ್ತೆಂಬ ಪ್ರತೀತಿಯಿದೆ. ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯವಿದೆ. 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಅದು ಸೇರಿದೆ. ಆದರೆ ಘಟಪ್ರಭೆಯ ಕಾಲುವೆ ನೀರು ಹರಿಯುವ ಇಲ್ಲಿನ ಎರೆ ಭೂಮಿ ಕಬ್ಬಿಗೆ ಒಳ್ಳೆಯದು, ಜಿರೇನಿಯಂಗೆ ಅಲ್ಲ. ಒದ್ದೆಯಾದರೆ ಅಂಟಾಗಿ ಬೇರಿನ ಉಸಿರು ಕಟ್ಟಿಸುತ್ತದೆ. ಹಾಗಾಗಿ ಈ ಬಯಲಿನಲ್ಲಿ ಇದನ್ನು ನೆಲದಲ್ಲಿ ನೆಡುವುದಕ್ಕಿಂತ ಮಣ್ಣಿನ ಕುಂಡದಲ್ಲಿ ಬೆಳೆಸುವುದೇ ಲೇಸು. ಕುಂಡಕ್ಕೆ ದೂರ ಹೋಗಬೇಕಿಲ್ಲ, ಜಿಲ್ಲೆಯೊಳಗೇ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು. ಕುಂಡ ತುಂಬಲು ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲು ಸಾಕು. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಹೂ ಕಡಿಮೆಯಾಗುತ್ತದೆ.

ಇಲ್ಲಿ ಇದು ಚಳಿಗಾಲದ ಗಿಡ. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್-ನವೆಂಬರಿನಲ್ಲಿ, ಹೂವಿಲ್ಲದ ಎಳೆ ರೆಂಬೆಯನ್ನು ಗೆಣ್ಣಿನ ಕೆಳಗೆ ಎಂಟು-ಹತ್ತು ಸೆಂಟಿಮೀಟರ್ ಕತ್ತರಿಸಿ, ಗಾಯ ಒಣಗಲು ಕೆಲವು ತಾಸು ನೆರಳಲ್ಲಿಟ್ಟು, ಮರಳುಮಿಶ್ರಿತ ಮಣ್ಣಿಗೆ ಊರಬೇಕು. ಹಸಿ ಗಾಯವನ್ನೇ ಊರಿದರೆ ಕಡ್ಡಿ ಬುಡದಿಂದ ಕಪ್ಪಾಗಿ ಕೊಳೆಯುತ್ತದೆ. ಬೇರು ಬಿಟ್ಟ ಮೇಲೆ ಪೂರ್ತಿ ಬಿಸಿಲಿಗೆ ಇಡಬಹುದು. ಮೇಲ್ಮಣ್ಣು ಒಣಗಿದಾಗಷ್ಟೇ ನೀರು, ಬಾಡಿದ ಹೂಗೊಂಚಲನ್ನು ತೊಟ್ಟಿನ ಸಮೇತ ಮುರಿಯುವುದು: ಹೀಗೆ ನೋಡಿಕೊಂಡರೆ ಚಳಿಯುದ್ದಕ್ಕೂ ಹೂ ಬರುತ್ತದೆ. ಏಪ್ರಿಲ್-ಮೇ ಬಿಸಿಲಿಗೆ ಮೊಗ್ಗು ನಿಲ್ಲುತ್ತದೆ. ಆಗ ಮಧ್ಯಾಹ್ನದ ನೆರಳು ಬೇಕು. ಜೂನಿನಿಂದ ಕುಂಡವನ್ನು ಸೂರಿನಡಿ ಸರಿಸಬೇಕು.

ಎಲೆಯ ಕೆಳಗೆ ಕಂದು ಹುಡಿಯ ಉಂಗುರಗಳು ಕಂಡರೆ ಅದು ತುಕ್ಕು ರೋಗ. ಅಂಥ ಎಲೆಗಳನ್ನು ಕಿತ್ತು ಸುಡಬೇಕು, ನೀರನ್ನು ಎಲೆಗೆ ಚಿಮುಕಿಸದೆ ಬುಡಕ್ಕೇ ಹಾಕಬೇಕು. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದರೆ ಅದರಿಂದ ಹೊಸ ಕಡ್ಡಿ ತೆಗೆಯಬಾರದು. ಅದು ಬ್ಯಾಕ್ಟೀರಿಯಾ ಸೋಂಕಿರಬಹುದು, ಆ ಸೋಂಕು ಕತ್ತರಿಯ ಅಲಗಿನಲ್ಲೇ ಪಕ್ಕದ ಕುಂಡಕ್ಕೆ ದಾಟುತ್ತದೆ.