ಕುದುರೆಯ ಕರಾರು

ಕಲಬುರಗಿಯಿಂದ ಗಾಣಗಾಪುರಕ್ಕೆ ಹೋಗುವ ಯಾತ್ರಿಕರು ಚೌಡಾಪುರವನ್ನು ಬಲ್ಲರಷ್ಟೆ. ಕಡಲಿಗೆ ಬಲು ದೂರವಾದ ಈ ಭೀಮಾಸೀಮೆಯು ಹದಿನಾರನೆಯ ಶತಮಾನದಲ್ಲಿ ಬಿಜಾಪುರದ ಆದಿಲಶಾಹಿಗಳ ಕಾರ್ಯಕ್ಷೇತ್ರವಾಗಿತ್ತು. ಆದರೂ ಅವರ ಸೈನ್ಯದ ಬಲಾಬಲಗಳು ಕಡಲ ವ್ಯಾಪಾರವನ್ನೇ ಅವಲಂಬಿಸಿದ್ದುವು. ಏಕೆಂದರೆ ಯುದ್ಧಕ್ಕೆ ತಕ್ಕ ಉತ್ತಮಾಶ್ವಗಳು ಅರಬಸ್ಥಾನ ಪಾರಸೀಕಗಳಿಂದಲೇ ಹಡಗೇರಿ ಬರಬೇಕಾಗಿದ್ದಿತು.

1547ರ ಸೆಪ್ಟೆಂಬರಿನಲ್ಲಿ ಗೋವೆಯ ಪೋರ್ತುಗೀಸ್ ಗವರ್ನರನಾದ ಜುವಾಂವ್ ದ ಕಾಸ್ತ್ರೋ ಎಂಬವನು ವಿಜಯನಗರದ ಸದಾಶಿವರಾಯನೊಡನೆ ಕರಾರು ಮಾಡಿಕೊಂಡನು. (ಅಧಿಕಾರವೆಲ್ಲವೂ ಅಳಿಯ ರಾಮರಾಯನದೆಂಬುದು ನಮಗೆ ತಿಳಿದುದೇ.) ಗೋವೆಗೆ ಬಂದಿಳಿಯುವ ಕುದುರೆಗಳು ವಿಜಯನಗರಕ್ಕೇ ಸಲ್ಲತಕ್ಕವು, ಬಿಜಾಪುರಕ್ಕೆ ಒಂದೂ ಹೋಗಕೂಡದು. ಪ್ರತಿಯಾಗಿ ರಾಯರ ರಾಜ್ಯದ ಪೆಟ್ಲುಪ್ಪೂ ಕಬ್ಬಿಣವೂ ಬಂಕಾಪುರಕ್ಕೆ ಬಂದು, ಬಟ್ಟೆಗಳು ಅಂಕೋಲೆ ಹೊನ್ನಾವರಗಳಿಗೆ ಬಂದು, ಪೋರ್ತುಗೀಸರ ಕೈಸೇರಬೇಕು. ಅವರು ತರುವ ತಾಮ್ರ, ಹವಳ, ಪಾದರಸ, ಚೀನಾ ರೇಷ್ಮೆಗಳನ್ನು ರಾಯರ ವರ್ತಕರು ಕೊಳ್ಳಬೇಕು.

ಇದನ್ನು ನಾವು ಮುಕ್ತವ್ಯಾಪಾರವೆನ್ನಬಹುದೆ? ಇಬ್ಬರ ನಡುವೆ ಬಾಗಿಲು ತೆರೆದುದು ನಿಜ. ಆದರೆ ಮೂರನೆಯವನಿಗೆ ಅದನ್ನು ಮುಚ್ಚುವುದೇ ಮುಖ್ಯೋದ್ದೇಶವೆಂದು ನಮಗೆ ತೋರುತ್ತದೆ. ಹಾಗೆ ಮುಚ್ಚಿದ ಬಾಗಿಲೂ ಭದ್ರವಾಗಿ ನಿಲ್ಲಲಿಲ್ಲ. 1548ರ ಜೂನಿನಲ್ಲಿ ಕಾಸ್ತ್ರೋ ತೀರಿಕೊಂಡನು. ಅವನ ತರುವಾಯ ಬಂದ ಗಾರ್ಸಿಯಾ ದ ಸಾ ಅದೇ ವರ್ಷ ಬಿಜಾಪುರದೊಡನೆ ಸಂಧಿ ಮಾಡಿಕೊಂಡನು.