ಬಳ್ಳಾರಿ ಸೀಮೆಯ ಕ್ರೈಸ್ತ ಸಭೆ: ಪ್ರಾರ್ಥನೆ ಮತ್ತು ಸೇವೆ

ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಸೇರಿದ ಸೀಮೆಯ ಕ್ರೈಸ್ತ ಸಭೆಗೆ ಎರಡು ಶತಮಾನಗಳಿಗೂ ಮಿಕ್ಕ ಇತಿಹಾಸವಿದೆ. ಸೇವೆಯ ಹುರುಪು ಪ್ರಾರ್ಥನೆಯಿಂದಲೇ ಉಳಿಯುತ್ತದೆ ಎಂಬುದು ಕ್ರೈಸ್ತರ ಹಳೆಯ ನಂಬಿಕೆ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದಲ್ಲಿ ಇವೆರಡೂ ಜೊತೆಜೊತೆಯಾಗಿಯೇ ಬರುತ್ತವೆ. ಈ ಪ್ರಾರ್ಥನೆ ಇಲ್ಲಿನ ಜನರ ಮಾತಿನಲ್ಲಿ ನೆಲೆಗೊಂಡದ್ದು ಬಳ್ಳಾರಿ ಸಭೆಯ ಬಹುದೊಡ್ಡ ಸಾಧನೆ.

ಆರಂಭ

1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಬಳ್ಳಾರಿಯೂ ಸೇರಿತ್ತು. 1795ರಲ್ಲಿ ಸ್ಥಾಪನೆಯಾದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದರು. ಆ ಕಾಲದ ಮಿಷನ್ ಚಳವಳಿ ಹುಟ್ಟಿದ್ದೇ ಪ್ರಾರ್ಥನಾ ಕೂಟಗಳಲ್ಲಿ: 1784ರಲ್ಲಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನ ಬ್ಯಾಪ್ಟಿಸ್ಟರು ತಿಂಗಳ ಮೊದಲ ಸೋಮವಾರ ಕೂಡಿ ಪ್ರಾರ್ಥಿಸುವ ಪದ್ಧತಿ ಆರಂಭಿಸಿದರು. ಬೇರೆ ಸಭೆಗಳೂ ಅದನ್ನು ಅನುಸರಿಸಿದವು.

ಕನ್ನಡ ಬೈಬಲ್

ಬಳ್ಳಾರಿಯಲ್ಲಿ ಹ್ಯಾಂಡ್ಸ್ ಕೈಗೊಂಡ ಅನುವಾದ ಸುಮಾರು ಎರಡು ದಶಕಗಳ ತಾಳ್ಮೆಯ ದುಡಿಮೆ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತು. 1816ರಲ್ಲಿ ಅವರ ಜೊತೆಗೂಡಿದ ವಿಲಿಯಂ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು. ವಾಕ್ಯ ಓದಿ, ಅದನ್ನೇ ಆಧರಿಸಿ ಬಾಯಾರೆ ಪ್ರಾರ್ಥಿಸುವುದು ಈ ಸಭೆಯ ರೂಢಿ. ಹಾಗಾಗಿ ಸ್ವಂತ ಭಾಷೆಯ ಬೈಬಲ್ಲು ಸಾಮಾನ್ಯ ವಿಶ್ವಾಸಿಗೂ ಪ್ರಾರ್ಥನೆಯ ಆಸರೆಯಾಯಿತು.

ಸೇವೆಯ ದಾರಿಗಳು

ಸಭೆಯ ಬೆಳವಣಿಗೆ ಬಹು ನಿಧಾನವಾಗಿತ್ತು. ಆ ವರ್ಷಗಳಲ್ಲಿ ಭಾರತೀಯ ಸೇವಕರೇ ಅದಕ್ಕೆ ಬೆನ್ನೆಲುಬು. ಅವರಲ್ಲೊಬ್ಬರಾದ, ಮೊದಲು ಬೆಂಗಳೂರಿನಲ್ಲಿದ್ದ ಸ್ಯಾಮ್ಯುಯೆಲ್ ಫ್ಲೇವೆಲ್ ಬಳ್ಳಾರಿಗೆ ಬಂದು, 1847ರಲ್ಲಿ ತೀರಿಕೊಳ್ಳುವವರೆಗೂ ಉಪದೇಶ ಮತ್ತು ಸಭಾಪಾಲನೆಯಲ್ಲಿ ತೊಡಗಿದ್ದರು. 1846ರಲ್ಲಿ ಶುರುವಾದ ಮಿಷನ್ ಶಾಲೆ ಮುಂದೆ ವಾರ್ಡ್ಲಾ ಹೆಸರಿನಿಂದ ಖ್ಯಾತವಾಗಿ, 1891ರಲ್ಲಿ ಕಾಲೇಜಾಯಿತು. ಮುದ್ರಣವೂ ಸೇವೆಯ ಒಂದು ದಾರಿಯಾಯಿತು: ಮಿಷನರಿ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ 'ಮಂಗಳೂರ ಸಮಾಚಾರ' ಪತ್ರಿಕೆ 1844ರಲ್ಲಿ 'ಕಂನಡ ಸಮಾಚಾರ'ವಾಗಿ ಬಳ್ಳಾರಿಯಲ್ಲೇ ಅಚ್ಚಾಯಿತು.

ತಿಂಗಳ ಸೋಮವಾರದ ಪ್ರಾರ್ಥನೆ ಇಂಗ್ಲೆಂಡಿನಿಂದ ಬಂದರೆ, ಜನವರಿಯ ಪ್ರಾರ್ಥನಾ ವಾರವನ್ನು ಜಗತ್ತಿಗೆ ಕೊಟ್ಟದ್ದು ಭಾರತ. 1858ರಲ್ಲಿ ಲೂಧಿಯಾನದ ಪ್ರೆಸ್ಬಿಟೇರಿಯನ್ ಮಿಷನರಿಗಳು ಅದಕ್ಕೆ ಕರೆ ಕೊಟ್ಟರು. 1860ರ ಜನವರಿಯಲ್ಲಿ ಅನೇಕ ದೇಶಗಳ ಸಭೆಗಳು ಅದನ್ನು ಆಚರಿಸಿದವು.

ಇಪ್ಪತ್ತನೆಯ ಶತಮಾನ

ಲಂಡನ್ ಮಿಷನ್ನಿನ ಸಭೆಗಳು 1908ರಲ್ಲಿ ದಕ್ಷಿಣ ಭಾರತ ಸಂಯುಕ್ತ ಸಭೆಗೂ, ಅದರ ಮೂಲಕ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಗೂ ಸೇರಿದವು. ಕಥೋಲಿಕರ ಬಳ್ಳಾರಿ ಧರ್ಮಪ್ರಾಂತ 1949ರಲ್ಲಿ ರೂಪುಗೊಂಡಿತು. 1953ರಲ್ಲಿ ಬಳ್ಳಾರಿ ಜಿಲ್ಲೆ ಇಬ್ಭಾಗವಾಗಿ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಬಳ್ಳಾರಿ, ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಬಂದವು. ಗಡಿ ಬದಲಾದರೂ ಕನ್ನಡ ಮತ್ತು ತೆಲುಗು ಎರಡೂ ಈ ಭಾಗದ ಜನರ ಮಾತಾಗಿಯೇ ಉಳಿದಿವೆ.

ಆಚರಣೆ

ಭಾನುವಾರದ ಆರಾಧನೆ, ಉಪವಾಸ ಪ್ರಾರ್ಥನೆ, ಕುಟುಂಬ ಪ್ರಾರ್ಥನೆ ಪ್ರೊಟೆಸ್ಟಂಟ್ ಸಭೆಗಳ ವಾಡಿಕೆ. ಕಥೋಲಿಕರಲ್ಲಿ ಬಲಿಪೂಜೆ, ಜಪಸರ, ತಪಸ್ಸು ಕಾಲದ ಶಿಲುಬೆ ಹಾದಿ ಮುಖ್ಯವಾದವು. ರೋಗಿಯ ಮನೆಗೆ ಹೋಗಿ ಪ್ರಾರ್ಥಿಸುವುದು ಎರಡು ಕಡೆಯೂ ಉಂಟು. ಅಲ್ಲಿ ಪ್ರಾರ್ಥನೆಯೇ ಸೇವೆಯಾಗುತ್ತದೆ. ಮಿಷನ್ನುಗಳ ಆಡಳಿತ ಮುಗಿದ ಮೇಲೂ ಸಭೆ ಉತ್ಸಾಹದಿಂದ ಮುನ್ನಡೆದದ್ದಕ್ಕೆ ಜನರು ತಮ್ಮದಾಗಿಸಿಕೊಂಡ ಈ ರೂಢಿಗಳೇ ಮುಖ್ಯ ಕಾರಣ.